ಹದಿನೇಳು ಕಲ್ಲುಗಳಡಿಯ ಟೋಪಿ

ಒಹಾಯೊ ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಕ್ರೇನ್ ಲ್ಯಾಂಡಿಂಗಿನ ದಡದಲ್ಲಿ ಮಗುಚಿಟ್ಟ ದೋಣಿಯೊಂದರ ಪಕ್ಕ ಮಂಡಿಯೂರಿ, ಡಾರ್ಕಸ್ ಟಾಲಿವರ್ ನೀರು ಒಸರದಂತೆ ಹಲಗೆಗಳ ಸಂದಿಗೆ ನಾರು ತುಂಬುತ್ತಿದ್ದಾರೆ. ಉಳಿಯ ತಲೆಗೆ ಮರದ ಸುತ್ತಿಗೆಯ ಪೆಟ್ಟು ನಿಧಾನವಾಗಿ ಬೀಳುತ್ತದೆ, ಒಂದೂ ತಪ್ಪುವುದಿಲ್ಲ. ಅರವತ್ತೊಂಬತ್ತರಲ್ಲೂ ವಾರಕ್ಕೆ ಮೂರು ದೋಣಿ ಇವರ ಕೈಯಲ್ಲಿ ದುರಸ್ತಿಯಾಗುತ್ತವೆ.

ತಮ್ಮ ಸ್ವಂತ ದೋಣಿಯನ್ನು ಮಾತ್ರ ಅವರು ಗೂಟಕ್ಕೆ ಕಟ್ಟುವುದಿಲ್ಲ. ತೊರೆಯ ಬಾಯಲ್ಲಿ ಕಲ್ಲು ಹೇರಿ ಮುಳುಗಿಸಿಡುತ್ತಾರೆ.

"ಡಾರ್ಕಸತ್ತೆ, ಗುಲಾಮಗಿರಿ ಯುದ್ಧ ಮುಗ್ದು ಹತ್ತೊಂಬತ್ತು ವರ್ಷ ಆಯ್ತು. ಇನ್ನೂ ಯಾರಿಗೆ ಹೆದರಿ ಬಚ್ಚಿಡ್ತೀಯ?" ಮೀನುಗಾರ ರೂಫಸ್ ದಿನವೂ ಕಿಚಾಯಿಸುತ್ತಾನೆ.

"ನಿನ್ನಂಥ ಕಳ್ಳರಿಗೆ ಕಣೋ. ನಡಿ, ನಿನ್ನ ಬಲೆ ನೋಡ್ಕೋ."

ಆಚೆ ದಡದ ಕೆಂಟಕಿಯಲ್ಲಿ ಗುಲಾಮಗಿರಿ ಇದ್ದಾಗ, ಓಡಿಬಂದವರನ್ನು ಈ ದೋಣಿಯೇ ದಾಟಿಸುತ್ತಿತ್ತು. ಹುಟ್ಟು ಹಾಕುವವರು ಜೋಥಮ್ ರೀವ್, ದೋಣಿ ಕಾಯುವವರು ಡಾರ್ಕಸ್, ಊಟ ಬಟ್ಟೆ ಕೊಡುವವನು ಅಂಗಡಿಯ ಹಾರ್ಮನ್ ಸ್ಟ್ರೋಡ್. ಓಡಿಬಂದ ಗುಲಾಮರನ್ನು ಹಿಡಿಯುವವರ ಕಣ್ಣಿಗೆ ಹಗಲಲ್ಲಿ ಬೀಳದಂತೆ ದೋಣಿಯನ್ನು ಮುಳುಗಿಸಿಡುವ ಜಾಗ, ಅದಕ್ಕೆ ಬೇಕಾದ ಹದಿನೇಳು ಕಲ್ಲು, ಗೊತ್ತಿದ್ದದ್ದು ಈ ಮೂವರಿಗೇ.

೧೮೫೬ರ ಅಕ್ಟೋಬರಿನಲ್ಲಿ ಜೋಥಮರ ಹೆಣ ಕೆಳದಂಡೆಯಲ್ಲಿ ಸಿಕ್ಕಿತು. ತಲೆ ಒಡೆದಿತ್ತು. ಅಂದು ಅವರು ದಾಟಿಸಿದ್ದ ಗಿಡಿಯನ್ ಎಂಬವನೇ ಕೊಂದು ಓಡಿದನೆಂದು ಊರು ತೀರ್ಮಾನಿಸಿತು. ಗೋರಿಯ ಕಲ್ಲಿನ ಮೇಲೂ ಕೆತ್ತಿದರು: 'ತಾನು ದಾಟಿಸಿದವನ ಕೈಯಲ್ಲೇ ಸತ್ತವನು.'

ಮರುದಿನ ಡಾರ್ಕಸ್ ದೋಣಿ ಎತ್ತಲು ಹೋದರು. ಅದು ಎಂದಿನ ಜಾಗದಲ್ಲೇ ಮುಳುಗಿತ್ತು. ಕಲ್ಲುಗಳನ್ನು ತೆಗೆದರೆ ತಳದಲ್ಲಿ ಜೋಥಮರ ಟೋಪಿ.

"ತನ್ನ ಟೋಪಿ ಮೇಲೆ ತಾನೇ ಯಾರಾದ್ರೂ ಕಲ್ಲು ಹೇರ್ತಾರಾ? ಅವರು ಬಿದ್ದ ಮೇಲೆ ಬೇರೆ ಯಾರೋ ಹೇರಿದ್ದು. ಓಡಿಹೋಗೋ ಗಿಡಿಯನ್ ಆದ್ರೆ ದೋಣಿ ಹಂಗೇ ಬಿಟ್ಟು ಓಡ್ತಿದ್ದ. ನಿಂತು ಹದಿನೇಳು ಕಲ್ಲು ಎಣಿಸೋದು ನಮ್ಮ ಮೂವರ ಕೈಗೆ ಅಂಟಿದ್ದ ಅಭ್ಯಾಸ," ಎನ್ನುತ್ತಾರೆ ಡಾರ್ಕಸ್.

ಡಾಂಬರು ಕೊಳ್ಳುವ ನೆವದಲ್ಲಿ ಅವರು ಅಂಗಡಿಗೆ ಹೋಗಿ ಕೇಳಿದರಂತೆ, "ಸ್ಟ್ರೋಡ್ ಅಯ್ಯ, ಅವತ್ತು ದೋಣಿ ಮುಳುಗಿಸಿದ್ದು ಯಾರು?"

"ಹಂಗೇ ಬಿಟ್ಟಿದ್ರೆ ಬೆಳಗಾದ್ರೆ ಕಾಣ್ತಿತ್ತಲ್ಲ," ಎಂದು ಅವನ ಬಾಯಿ ಜಾರಿತು. ವಾರದೊಳಗೆ ಅಂಗಡಿ ಮಾರಿ ಪಶ್ಚಿಮಕ್ಕೆ ಹೋದವನು ತಿರುಗಿ ಬರಲಿಲ್ಲ. ಸ್ಟ್ರೋಡ್ ಹಿಡಿಯುವವರಿಗೆ ದಾಟುವವರ ಸುದ್ದಿ ಮಾರುತ್ತಿದ್ದನೆಂದೂ, ಜೋಥಮರಿಗೆ ಅದು ತಿಳಿದುಹೋಗಿತ್ತೆಂದೂ ಯುದ್ಧದ ನಂತರ ಆಚೆ ದಡದ ಹಿಡಿಯುವವನೊಬ್ಬ ಬಾಯಿಬಿಟ್ಟ.

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಡಾರ್ಕಸ್ ಸುತ್ತಿಗೆ ಕೆಳಗಿಡುತ್ತಾರೆ.

"ಹೇಳಿದ್ರೆ ದೋಣಿ ಬಚ್ಚಿಡೋ ಜಾಗ ತೋರಿಸ್ಬೇಕಾಗ್ತಿತ್ತು. ಆಚೆ ದಡದಲ್ಲಿ ಇನ್ನೂ ಜನ ಕಾಯ್ತಿದ್ರು. ಅವರು ದಾಟಿದ್ರು. ಗಿಡಿಯನ್ ಕೊಲೆಗಾರನಾಗೇ ಉಳಿದ. ಅದು ನನ್ನ ಪಾಲಿನ ತಪ್ಪು."

ಗಿಡಿಯನ್ ಕೆನಡಾದಲ್ಲಿ ತೀರಿಕೊಂಡಿದ್ದಾನೆ. ಅವನ ಮಗಳು ಮುಂದಿನ ತಿಂಗಳು ಅಪ್ಪ ದಾಟಿದ ದಡ ನೋಡಲು ಬರುತ್ತಿದ್ದಾಳೆ. ಗೋರಿಯ ಆ ಸಾಲು ತೆಗೆಸಿ ಎಂದು ಡಾರ್ಕಸ್ ಹತ್ತೊಂಬತ್ತು ವರ್ಷಗಳಿಂದ ಚರ್ಚಿನ ಹಿರಿಯರನ್ನು ಕೇಳುತ್ತಲೇ ಇದ್ದಾರೆ. ಕಳೆದ ಭಾನುವಾರ ತಾವು ಎತ್ತಿಟ್ಟಿದ್ದ ಆ ಟೋಪಿಯನ್ನೇ ಒಯ್ದು ಅವರ ಮೇಜಿನ ಮೇಲಿಟ್ಟರು. ಕಲ್ಲಿನ ಭಾರಕ್ಕೆ ಅಪ್ಪಚ್ಚಿಯಾದ ಅದನ್ನು ನೋಡಿ ಕೊನೆಗೂ ಹಿರಿಯರು ಒಪ್ಪಿದರು. ಆದರೆ ಕಲ್ಲುಕುಟಿಗ ಬರುವುದು ವಸಂತಕ್ಕೆ ಎಂದರು.

"ವಸಂತದ ತನಕ ಯಾರು ಕಾಯ್ತಾರೆ, ಹಿರಿಯರೇ?" ಎಂದರಂತೆ ಡಾರ್ಕಸ್. "ಉಳಿ ಸುತ್ತಿಗೆ ನನ್ನ ಹತ್ರಾನೇ ಇದೆ. ಆ ಹುಡುಗಿ ಬರೋ ಹೊತ್ತಿಗೆ ಅಲ್ಲಿ ಬರೀ ಜೋಥಮರ ಹೆಸರಿರುತ್ತೆ."