ಸತ್ವಾದಲ್ಲಿ ಉಳಿದ ಭರಣಿ

ಶಾರ್ಜಾದಲ್ಲಿರುವ ನಾವು ಊರಿಗೆ ಫೋನ್ ಮಾಡಿದಾಗ ದುಬೈಯಲ್ಲಿದ್ದೇವೆ ಎಂದೇ ಹೇಳುವುದು. ಪೂರ್ತಿ ಸುಳ್ಳೇನಲ್ಲ. ನಮ್ಮ ಬಾಲ್ಕನಿಯ ಕೆಳಗಿನ ರಸ್ತೆ ದಾಟಿದರೆ ದುಬೈ. ಎರಡೂ ಬದಿಯ ಬಡಾವಣೆಗೆ ಹೆಸರೂ ಒಂದೇ. ಹೇಳಿ ಹೇಳಿ ಬಾಯಿಗೆ ರೂಢಿಯಾಗಿ, ವೈನ್ ಅಂಗಡಿಗೆ ಆರ್ಡರ್ ಕೊಡುವಾಗಲೂ ದುಬೈ ಎಂದುಬಿಟ್ಟೆ.

ಅಮ್ಮ ಮಂಗಳೂರಿನಿಂದ ಬಂದಿದ್ದಳು. ಕ್ರಿಸ್ಮಸ್ ಕೇಕಿನ ಒಣಹಣ್ಣುಗಳನ್ನು ಅವಳು ತಿಂಗಳುಗಳ ಮೊದಲೇ ವೈನಿನಲ್ಲಿ ನೆನೆಹಾಕುವವಳು. ಅಪ್ಪ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ. ಅಕ್ಟೋಬರಿನಲ್ಲಿ ಅವಳ ವೀಸಾ ಮುಗಿಯುತ್ತಿತ್ತು. ಕೇಕಿಗೆ ಅವಳಿರದಿದ್ದರೂ ನೆನೆಹಾಕುವ ದಿನವಾದರೂ ನನ್ನೊಂದಿಗಿರಲಿ ಎಂದು ನನಗೆ ವಿಪರೀತ ಆಸೆ.

ಡ್ರೈವರ್ ಫೋನ್ ಮಾಡಿ ಹಿಂದಿಯಲ್ಲಿ ಹೇಳಿದ, ನಿಮ್ಮ ಬಿಲ್ಡಿಂಗ್ ಆಚೆ ಕಡೆ, ನಾನು ರಸ್ತೆ ದಾಟುವ ಹಾಗಿಲ್ಲ ಎಂದು. ದುಬೈಯಲ್ಲಿ ಬಾಗಿಲಿಗೇ ಬರುವ ಬಾಟಲಿ ಶಾರ್ಜಾದಲ್ಲಿ ಕೈಯಲ್ಲಿದ್ದರೂ ಅಪರಾಧ. ಸಂಜೆಯ ಧೂಳುಬೆಳಕಿನಲ್ಲಿ ಅವನ ಬಿಳಿ ವ್ಯಾನು ಆಚೆ ತುಸು ಹೊತ್ತು ನಿಂತು ಹೊರಟುಹೋಯಿತು.

"ಇಷ್ಟು ಹತ್ತಿರ ಬಂದು ಹೋಯ್ತಲ್ಲ ಮಾರಾಯ್ತಿ. ಅದಕ್ಕೂ ವೀಸಾ ಬೇಕಾ?" ಎಂದಳು ಅಮ್ಮ.

ದುಬೈಯ ಸತ್ವಾ ಬಡಾವಣೆಯ ಹಳೆಯ ವಿಲ್ಲಾದಲ್ಲಿ ಕೋಣೆ ಹಿಡಿದಿದ್ದ ನನ್ನ ಗೆಳತಿ, ಧಾರವಾಡ ಕಡೆಯ ನರ್ಸ್, ತನ್ನ ಹೆಸರಿನಲ್ಲಿ ತರಿಸಿದಳು. ಅವಳ ಕೋಣೆಯ ನೆಲದ ಮೇಲೆ ಕೂತು ಅಮ್ಮ ದ್ರಾಕ್ಷಿ, ಖರ್ಜೂರ ಹೆಚ್ಚಿ ಭರಣಿಗೆ ತುಂಬಿದಳು. ಹೊರಗೆ ದರ್ಜಿ ಅಂಗಡಿಯ ಮೆಷಿನುಗಳ ಸದ್ದು. ವೈನ್ ಸುರಿದಾಗ ಎದ್ದ ಘಮಕ್ಕೆ ನಾನು ಕಣ್ಣು ಮುಚ್ಚಿದೆ. ತೆರೆದರೆ ಎದುರಿಗೆ ನಮ್ಮ ಮಂಗಳೂರಿನ ಅಡುಗೆಮನೆ ಇರುತ್ತದೆ ಎನ್ನಿಸಿ ಸ್ವಲ್ಪ ಹೊತ್ತು ತೆರೆಯಲೇ ಇಲ್ಲ.

"ಭರಣಿ ಇಲ್ಲೇ ಇರ್ಲಿ ಅಮ್ಮಾರ. ದಿನಾ ನಾ ತಿರುವ್ತೇನ್ರಿ," ಎಂದಳು ಗೆಳತಿ.

ಆಮೇಲೆ ಭಾನುವಾರ ಚರ್ಚು ಮುಗಿಸಿ ನೇರ ಸತ್ವಾಕ್ಕೆ ಹೋಗುತ್ತಿದ್ದೆವು, ಮಗಳನ್ನು ಕೊಟ್ಟ ಮನೆಗೆ ಹೋಗುವ ಹಾಗೆ. ಅಮ್ಮ ಭರಣಿಯ ಮುಚ್ಚಳ ತೆಗೆದು ಮೂಸಿ, ಮರದ ಚಮಚದಲ್ಲಿ ತಿರುವಿ, ಸಮಾಧಾನದಿಂದ ಚಹಾ ಕುಡಿಯುವಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಹೆಗಲಿಗೆ ಒರಗಿ ನಿದ್ದೆಹೋಗುವಳು. ಅವಳ ಬೆರಳುಗಳಲ್ಲಿ ಆ ಘಮ ಉಳಿದಿರುತ್ತಿತ್ತು. ಅಷ್ಟು ಮಾತ್ರ ರಸ್ತೆ ದಾಟಿ ನಮ್ಮ ಮನೆಗೆ ಬರುತ್ತಿತ್ತು.

ಅಕ್ಟೋಬರಿನಲ್ಲಿ ಅವಳು ಮಂಗಳೂರಿಗೆ, ನನ್ನ ಅಣ್ಣನ ಮನೆಗೆ ಮರಳಿದಳು. ಡಿಸೆಂಬರಿನಲ್ಲಿ ಗೆಳತಿಯ ಕೋಣೆಯಲ್ಲೇ ಕೇಕ್ ಬೇಯಿಸಿ, ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ನಿನ್ನ ಕೇಕ್ ಆಯ್ತಾ?" ಎಂದು ಕೇಳಿದೆ.

"ಈ ಸಲ ಇಲ್ಲಿ ನೆನೆಹಾಕ್ಲೇ ಇಲ್ಲ," ಎಂದಳು. "ನನ್ನ ಭರಣಿ ಅಲ್ಲಿ ಉಂಟಲ್ಲ."

ನನಗೆ ಅಳು ಬಂತು. ಕೇಕಿನ ತುಂಡನ್ನು ಫೋನಿಗೆ ಸ್ವಲ್ಪ ಹತ್ತಿರ ಹಿಡಿ ಎಂದಳು. ಹಿಡಿದೆ. ಅಮ್ಮ ಕಣ್ಣು ಮುಚ್ಚಿಕೊಂಡಳು.