ರಿವರ್ಸ್ ಬೇಡದ ಜಾಗ

ನಮ್ಮ ದೊಡ್ಡಪ್ಪ ಬಿಡಾರಕ್ಕೆ ಜಾಗ ಆರಿಸುವುದನ್ನು ನೋಡಿದರೆ, ಈ ಮನುಷ್ಯ ಪ್ರವಾಸಕ್ಕೆ ಹೊರಟಿದ್ದಾರೋ ಎಲ್ಲಿಂದಲೋ ತಪ್ಪಿಸಿಕೊಂಡು ಓಡುತ್ತಿದ್ದಾರೋ ಎಂದು ಅನುಮಾನ ಬರುತ್ತದೆ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಗಾಡಿ ನಿಲ್ಲಿಸಿ ರಾತ್ರಿ ತಂಗುವ ಒಂದೊಂದೇ ಕ್ಯಾಂಪಿಗೆ ಫೋನ್ ಮಾಡುತ್ತಾರೆ. ನೆರಳಿದೆಯೇ, ಬಿಸಿನೀರು ಬರುತ್ತದೆಯೇ, ಸೊಳ್ಳೆ ಕಾಟವೇ ಎಂದು ಉಳಿದವರೆಲ್ಲ ಕೇಳುವುದನ್ನು ಅವರು ಅಪ್ಪಿತಪ್ಪಿಯೂ ಕೇಳುವುದಿಲ್ಲ. ಅವರದು ಒಂದೇ ಪ್ರಶ್ನೆ.

“ಒಳಗೆ ಬಂದ ದಾರಿ ಬಿಟ್ಟು ಬೇರೆ ದಾರೀಲಿ ಹೊರಗೆ ಹೋಗ್ಬಹುದಾ?”

ಒಮ್ಮೆ ಆ ಕಡೆಯ ಹೆಂಗಸು, “ಯಾಕೆ ಸಾರ್, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?” ಎಂದು ಕೇಳಿಯೇಬಿಟ್ಟಳು. ದೊಡ್ಡಪ್ಪ ನಗಲಿಲ್ಲ. “ರಿವರ್ಸ್ ಹಾಕೋ ಹಾಗಿರಬಾರದಮ್ಮ,” ಎಂದು ಫೋನ್ ಇಟ್ಟರು.

ಅವರು ಕೆಲಸಕ್ಕೆ ಸೇರಿದ್ದು ಸಿಟಿ ಬಸ್ಸಿನ ಡ್ರೈವರ್ ಆಗಿ, ನಿವೃತ್ತರಾದದ್ದೂ ಹಾಗೆಯೇ. ಹಿಂದೆ ಕಂಡಕ್ಟರ್ ನಿಲ್ಲದೆ ಬಸ್ಸನ್ನು ಒಂದು ಗೇಣೂ ಹಿಂದಕ್ಕೆ ತೆಗೆಯಬಾರದೆಂಬುದು ಡಿಪೋದ ನಿಯಮ. ಬೇರೆ ಡ್ರೈವರುಗಳು ಇದನ್ನು ಗೋಡೆಯ ಮೇಲಿನ ಬರಹ ಎಂದುಕೊಂಡಿದ್ದರು, ದೊಡ್ಡಪ್ಪ ನಿಜವೆಂದುಕೊಂಡರು. ಅವರ ಕಂಡಕ್ಟರಿಗೆ ಎಲ್ಲರೂ ಇಟ್ಟಿದ್ದ ಹೆಸರು ಸೀಟಿ. ಸೀಟಿ ಹಿಂದೆ ನಿಂತು, “ಬರ್ಲಿ ಬರ್ಲಿ, ರೈಟ್, ರೈಟ್” ಎಂದರೆ ದೊಡ್ಡಪ್ಪ ಕನ್ನಡಿಯತ್ತಲೂ ನೋಡದೆ ಬರುತ್ತಿದ್ದರು. “ಹೋಲ್ಡಾನ್” ಎಂದರೆ ಅಲ್ಲೇ ಬ್ರೇಕು. ಇಬ್ಬರೂ ಒಬ್ಬರನ್ನೊಬ್ಬರು ಮನೆಗೆ ಕರೆದದ್ದು ಕಡಿಮೆ, ಹೊಗಳಿದ್ದಂತೂ ಇಲ್ಲವೇ ಇಲ್ಲ. ನಿವೃತ್ತಿಯಾದ ಮೇಲೆ ಸೀಟಿ ತೀರಿಹೋದರು. ದೊಡ್ಡಪ್ಪ ಅಂದಿನಿಂದ ಯಾವ ವಾಹನವನ್ನೂ ಹಿಂದಕ್ಕೆ ತೆಗೆದಿರಲಿಲ್ಲ. ಕಿರಾಣಿ ಅಂಗಡಿಗೆ ಹೋದರೂ, ಹಿಂದಕ್ಕೆ ತೆಗೆಯಬೇಕಾದ ಕಡೆ ನಿಲ್ಲಿಸದೆ, ಎಲ್ಲೋ ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರು.

ಈಗಿರುವ ಗಾಡಿ ಒಂದು ಕಾಲದಲ್ಲಿ ಸಂಚಾರಿ ಗ್ರಂಥಾಲಯವಾಗಿತ್ತು. ಅದನ್ನು ಹರಾಜಿನಲ್ಲಿ ಹಿಡಿದು, ಬಾಡಿ ಕಟ್ಟುವ ಗ್ಯಾರೇಜಿನ ಮೇಸ್ತ್ರಿಯ ಕೈಲಿ ಮಂಚ, ಒಲೆ, ಕೈತೊಳೆಯುವ ಬೋಗುಣಿ ಹಾಕಿಸಿದರು. ಪುಸ್ತಕದ ಕಪಾಟುಗಳನ್ನು ಕೀಳಿಸಲಿಲ್ಲ, ಅವುಗಳ ಮೇಲಿದ್ದ ವಿಭಾಗದ ಚೀಟಿಗಳನ್ನೂ ಕೀಳಲಿಲ್ಲ. ಹಾಗಾಗಿ ಪಾತ್ರೆಗಳು ‘ಇತಿಹಾಸ’ದಲ್ಲಿವೆ, ಸಕ್ಕರೆ ಡಬ್ಬಿ ‘ಮಕ್ಕಳ ವಿಭಾಗ’ದಲ್ಲಿ. ದೊಡ್ಡಮ್ಮನ ಮೊಣಕಾಲಿನ ಎಣ್ಣೆ ‘ವಿಜ್ಞಾನ’ದಲ್ಲಿ. ಮನೆಯಲ್ಲಿ ಎಲ್ಲರೂ ಅದನ್ನು ಮನೆಗಾಡಿ ಎನ್ನುತ್ತೇವೆ.

ದೊಡ್ಡಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದವಳು. ನೆಲಮಾಳಿಗೆಯಲ್ಲಿ ಕೆಲಸ, ಹಬೆ, ಯಂತ್ರದ ಸದ್ದು, ಬೆಳಿಗ್ಗೆ ಬಿಳಿ ಚಾದರ, ಮಧ್ಯಾಹ್ನವೂ ಬಿಳಿ ಚಾದರ. ಕಿಟಕಿ ಇರಲಿಲ್ಲ. ಮನೆಗಾಡಿ ಬಂದ ದಿನವೇ ಅವಳು ತನ್ನ ಆಸೆ ಹೇಳಿದ್ದಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ತಲೆ ಎತ್ತದೆಯೇ ನೀರು ಕಾಣಬೇಕು. ಮಂಚದ ಪಕ್ಕದ ದೊಡ್ಡ ಕಿಟಕಿ ಇರುವುದು ಗಾಡಿಯ ಹಿಂಭಾಗದಲ್ಲಿ. ಕೆರೆಯ ದಂಡೆಯ ಜಾಗಗಳಲ್ಲೆಲ್ಲ ಗಾಡಿಯನ್ನು ಹಿಂದುಹಿಂದಾಗಿ ನೀರಿನತ್ತ ಒಯ್ದು ನಿಲ್ಲಿಸಬೇಕು. ಹೀಗಾಗಿ ಎಷ್ಟೋ ಪ್ರವಾಸಗಳಾದರೂ ಅವಳು ಕಣ್ಣು ಬಿಟ್ಟದ್ದು ಹೆದ್ದಾರಿ ಪಕ್ಕದ ಜಲ್ಲಿ ಅಂಗಳಗಳಲ್ಲಿ, ಲಾರಿಗಳ ಚಕ್ರ ನೋಡುತ್ತಾ. ಯಾವ ಕ್ಯಾಂಪಿನ ಶೌಚಾಲಯದ ಬಾಗಿಲಿಗೆ ಯಾವ ಬಣ್ಣ ಎಂದು ಕೇಳಿದರೆ ಥಟ್ಟನೆ ಹೇಳುತ್ತಾಳೆ.

ಈ ವರ್ಷ ಅವಳ ಮೊಣಕಾಲು ಕೈಕೊಟ್ಟಿತು. ಗಾಡಿಯ ಮೆಟ್ಟಿಲು ಹತ್ತಲು ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು. ನಕ್ಷೆ ಹರಡಿದ್ದ ಮೇಜಿನ ಎದುರು ನಿಂತು ಹೇಳಿದಳು:

“ಈ ಸಲನೂ ನೀರು ಕಾಣ್ಲಿಲ್ಲ ಅಂದ್ರೆ ಮುಂದಿನ ವರ್ಷ ನಾನು ಈ ಗಾಡಿ ಹತ್ತಲ್ಲ ರೀ. ನೀವೊಬ್ರೇ ಹೋಗಿ ಲಾರಿಯೋರ ಪಕ್ಕ ಮಲ್ಕೊಳ್ಳಿ.”

ದೊಡ್ಡಮ್ಮ ಬಾಯಿಮಾತಿಗೆ ಏನನ್ನೂ ಹೇಳುವವಳಲ್ಲ. ಎದುರುಮನೆಯವರ ಜೊತೆ ಮಾತು ಬಿಡುತ್ತೇನೆ ಎಂದವಳು ಅವರು ಮನೆ ಖಾಲಿ ಮಾಡುವವರೆಗೂ ಬಿಟ್ಟೇ ಇದ್ದಳು. ದೊಡ್ಡಪ್ಪನಿಗೆ ಇದು ಗೊತ್ತಿತ್ತು. ಒಬ್ಬರೇ ಹೋಗುವುದು ಅವರಿಂದ ಆಗದ ಕೆಲಸ ಎಂಬುದೂ ಗೊತ್ತಿತ್ತು. ತಲೆ ಕೆರೆದುಕೊಂಡು, ಊರಿಗೆಲ್ಲ ಫೋನ್ ಮಾಡಿ, ಕೊನೆಗೆ ಒಂದು ಉದ್ಯಾನ ಹುಡುಕಿದರು. ಕೆರೆಯ ಹತ್ತಿರ ದುಂಡಗೆ ಸುತ್ತಿಬರುವ ರಸ್ತೆ, ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸುವ ಜಾಗ, ಅಲ್ಲಿಂದ ಮರಗಳ ಸಂದಿಯಲ್ಲಿ ನೀರು ‘ಸುಮಾರಾಗಿ ಕಾಣುತ್ತದೆ’ಯಂತೆ. ದೊಡ್ಡಮ್ಮ ಮೂಗು ಮುರಿದಳು. ನನಗೆ ರಜೆಯಿದ್ದದ್ದು ತಿಳಿದು, “ನೀನೂ ಬಾರೇ, ಸುಮಾರು ಅಂದ್ರೆ ಎಷ್ಟು ಅಂತ ಸಾಕ್ಷಿಗೆ ಒಬ್ಬರು ಬೇಕು,” ಎಂದಳು. ನಾನು ಹೋದೆ.

ಹೋಗಿ ನೋಡಿದರೆ ಆ ದುಂಡು ರಸ್ತೆಯನ್ನು ಪೈಪಿಗಾಗಿ ಅಗೆದು ಹಾಕಿದ್ದರು. ಉದ್ಯಾನದ ಕಾವಲುಗಾರ ದೊಡ್ಡ ಟೋಪಿಯವನು. ಅವನು ಕೈ ಉದ್ದ ಮಾಡಿ ಕೆರೆಯ ದಂಡೆ ತೋರಿಸಿದ. “ಅದೊಂದೇ ಖಾಲಿ ಇರೋದು. ರಿವರ್ಸಲ್ಲಿ ಹೋಗ್ಬಿಡಿ.”

ದೊಡ್ಡಪ್ಪನ ಮುಖ ಸಪ್ಪಗಾಯಿತು. “ಬೇರೆ ಕಡೆ ನೋಡೋಣ,” ಎನ್ನುವಷ್ಟರಲ್ಲಿ ದೊಡ್ಡಮ್ಮ ಆ ಮೊಣಕಾಲಿನಲ್ಲೇ ಕೆಳಗಿಳಿದು ಗಾಡಿಯ ಹಿಂದೆ ಹೋಗಿ ನಿಂತಿದ್ದಳು.

“ಬನ್ನಿ, ನಾನು ಹೇಳ್ತೀನಿ.”

ನಾನು ದೊಡ್ಡಪ್ಪನ ಪಕ್ಕದ ಸೀಟಿನಲ್ಲಿದ್ದೆ. ಅವರು ಕನ್ನಡಿಯಲ್ಲಿ ಕಣ್ಣು ನೆಟ್ಟು ಗೇರ್ ಹಾಕಿದರು. ಗಾಡಿ ಆಮೆಯಂತೆ ಹಿಂದೆ ಸರಿಯಿತು. ಎಡಗಡೆ ನೀರಿನ ನಲ್ಲಿಯ ಕಂಬವೊಂದಿತ್ತು. ಗಾಡಿ ಅದರತ್ತ ವಾಲುವುದನ್ನು ಕಂಡು ದೊಡ್ಡಮ್ಮ ಕೂಗಿದಳು: “ರೈಟ್, ರೈಟ್!”

ಅವಳು ಹೇಳಿದ್ದು ಬಲಗಡೆಗೆ ತಿರುಗಿಸಿ ಎಂದು. ಆದರೆ ಆಯುಷ್ಯವಿಡೀ ಬಸ್ಸಿನಲ್ಲಿ ಕೂತ ಕಿವಿಗೆ ರೈಟ್ ಎಂದರೆ ಬಲವೂ ಅಲ್ಲ, ಎಡವೂ ಅಲ್ಲ, ಬಾ ಎಂದರ್ಥ. ದೊಡ್ಡಪ್ಪನ ಮುಖದ ಬಿಗಿ ಸಡಿಲಿತು. ಕನ್ನಡಿ ನೋಡುವುದನ್ನು ಬಿಟ್ಟರು. ಕಾಲು ತಾನಾಗಿಯೇ ಒತ್ತಿತು. “ರೀ, ರೈಟ್! ರೈಟ್ ಅಂದ್ನಲ್ಲಾ!” ಎಂದು ಅವಳು ಗಂಟಲು ಹರಿದುಕೊಂಡಷ್ಟೂ ಇವರು ಜೋರಾಗಿ ಬಂದರು. ಢಬ್ ಎಂದಿತು. ‘ಇತಿಹಾಸ’ದಿಂದ ಎರಡು ಪಾತ್ರೆ ಉರುಳಿದವು. ಕಂಬ ಬಾಗಿ, ನಲ್ಲಿ ಕಿತ್ತುಬಂದು, ನೀರು ಚಿಮ್ಮಿ ದೊಡ್ಡಮ್ಮನನ್ನು ತಲೆಯಿಂದ ಕಾಲಿನವರೆಗೆ ತೋಯಿಸಿತು.

“ನೀರು ಕೇಳಿದ್ದೆ ನಿಜ,” ಎಂದಳು ಅವಳು, ಮುಖ ಒರೆಸಿಕೊಳ್ಳುತ್ತಾ. “ಹೀಗೆ ಕೇಳಿರ್ಲಿಲ್ಲ.”

ನಾನು ನಕ್ಕೆ. ದೊಡ್ಡಪ್ಪ ನಗಲಿಲ್ಲ. ಇಂಜಿನ್ ಆರಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತರು. ದೊಡ್ಡಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಅವರ ಕಿಟಕಿಯ ಬಳಿ ಬಂದಳು.

“ನೀನೇ ತಾನೇ ರೈಟ್ ಅಂದಿದ್ದು?”

“ಬಲಕ್ಕೆ ಅಂದೆ ರೀ!”

“ಹೋಗೋಣ ಹತ್ತು. ಪೆಟ್ರೋಲ್ ಬಂಕ್ ಹಿಂದೆ ಜಾಗ ಇದೆ.”

ಅವಳು ಹತ್ತಲಿಲ್ಲ. ಟೋಪಿಯವನು ಎಲ್ಲೋ ಹೋಗಿ ನೀರು ನಿಲ್ಲಿಸಿ ಬಂದ. ಆಮೇಲೆ ದೊಡ್ಡಪ್ಪ ಮುಂದಿನ ಗಾಜನ್ನೇ ನೋಡುತ್ತಾ ಹೇಳಿದರು:

“ಸೀಟಿ ಇದ್ದಾಗ ಹಿಂದೆ ಏನಿದೆ ಅಂತ ನಾನು ನೋಡ್ತಾನೇ ಇರ್ಲಿಲ್ಲ. ಅವನು ಹೋದ್ಮೇಲೆ ಹಿಂದೆ ಯಾರೂ ಇಲ್ಲ ಅನ್ಸುತ್ತೆ. ಭಯ ಆಗುತ್ತೆ ಕಣೇ.”

ಅವರ ಬಾಯಿಂದ ಭಯ ಎಂಬ ಮಾತು ಬಂದದ್ದು ಕೇಳಿ ನನಗೆ ಕಸಿವಿಸಿಯಾಯಿತು. ಕೆಳಗೆ ಬಿದ್ದ ಪಾತ್ರೆಗಳನ್ನು ಎತ್ತಿಡುವ ನೆವದಲ್ಲಿ ಹಿಂದಕ್ಕೆ ಹೋದೆ. ದೊಡ್ಡಮ್ಮ ಮಾತ್ರ ಅದನ್ನು ದಿನವೂ ಕೇಳುವವಳ ಹಾಗೆ ನಿಂತಿದ್ದಳು.

“ನಾನಿದ್ದೀನಲ್ರೀ ಹಿಂದೆ,” ಎಂದಳು. “ಏನು ಅನ್ಬೇಕು ಅಂತ ಹೇಳ್ಕೊಡಿ. ಹೇಳ್ಕೊಡದೆ ಬೈದ್ರೆ ಹೇಗೆ?”

ದೊಡ್ಡಪ್ಪ ಇಳಿದರು. ಒದ್ದೆ ಹುಲ್ಲಿನ ಮೇಲೆ ಇಬ್ಬರೂ ಎದುರುಬದುರು ನಿಂತರು. ಬಲಕ್ಕೆ ಎಂದರೆ ಬಲಕ್ಕೇ ಎನ್ನಬೇಕು. ರೈಟ್ ಎಂದರೆ ಬಾ. ಮಾತು ಕೇಳಿಸದಿದ್ದರೆ ಅಂಗೈಯಿಂದ ಗಾಡಿಯ ತಗಡಿಗೆ ಬಡಿಯಬೇಕು: ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಬಾ. ಕೊನೆಯದು ಹೋಲ್ಡಾನ್.

“ಹೋಲ್ಡಾನ್,” ಎಂದಳು ದೊಡ್ಡಮ್ಮ.

“ಮಲಗಿರೋ ಮಗೂಗೆ ಹೇಳ್ತಿದೀಯಾ? ಬಸ್ಸಿಗೆ ಹೇಳು.”

“ಹೋಲ್ಡಾನ್!”

ಅಷ್ಟು ದೂರದಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಸೈಕಲ್ ನಿಲ್ಲಿಸಿ ಕಾಲೂರಿದ. “ಹಾಂ, ಇದು,” ಎಂದು ದೊಡ್ಡಪ್ಪ ಗಾಡಿ ಹತ್ತಿದರು.

ಎರಡನೆಯ ಸಲ ನಾನು ಕೆಳಗೇ ಇದ್ದೆ. “ಬರ್ಲಿ, ಬರ್ಲಿ, ಸ್ವಲ್ಪ ಬಲಕ್ಕೆ, ರೈಟ್, ರೈಟ್.” ಅವಳ ಅಂಗೈ ತಗಡಿನ ಮೇಲೆ ಎರಡೆರಡು ಸಲ ಬಡಿಯುತ್ತಿತ್ತು. ಹಿಂಚಕ್ರ ದಂಡೆಗೆ ಹತ್ತಿರವಾಗುತ್ತಾ ಬಂತು. ಇನ್ನು ಮುಳುಗಿದೆವು ಎಂದು ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿ ಮತ್ತೆರಡು ಬಡಿದಳು. ಕನ್ನಡಿಯಲ್ಲಿ ದೊಡ್ಡಪ್ಪನ ಮುಖ ಕಂಡಿತು. ಅವರು ಕನ್ನಡಿ ನೋಡುತ್ತಿರಲಿಲ್ಲ. ಆಮೇಲೆ ಅವಳು ಹೋಲ್ಡಾನ್ ಎಂದಳು, ಗಾಡಿ ನಿಂತಿತು.

ಮರುದಿನ ಬೆಳಿಗ್ಗೆ ಅವಳು ತಲೆ ಎತ್ತದೆ ಮಲಗಿಯೇ ನೀರು ನೋಡಿದಳು. ನೋಡುತ್ತಲೇ ಇದ್ದಳು. ದೊಡ್ಡಪ್ಪ ಟೀ ಮಾಡಿ ಕೊಟ್ಟರು, ಅದು ಆರಿಹೋಯಿತು, ಇನ್ನೊಂದು ಮಾಡಿ ಕೊಟ್ಟರು.

ಹೊರಡುವ ಹೊತ್ತಾಯಿತು. ಸಾಮಾನು ಕಟ್ಟಿ, ದೊಡ್ಡಪ್ಪ ಇಂಜಿನ್ ಹಚ್ಚಿ ಕೂತರು. ದೊಡ್ಡಮ್ಮ ಮಡಿಸುವ ಕುರ್ಚಿಯಲ್ಲಿ, ನೀರಿನ ಅಂಚಿನಲ್ಲಿ, ನಮಗೆ ಬೆನ್ನು ಹಾಕಿ ಕೂತಿದ್ದಳು. “ಹಾರ್ನ್ ಹೊಡೀರಿ ದೊಡ್ಡಪ್ಪ, ಇಲ್ಲಾಂದ್ರೆ ಅವಳು ಏಳಲ್ಲ,” ಎಂದೆ.

“ಕಂಡಕ್ಟರ್ ರೈಟ್ ಅನ್ನದೆ ಗಾಡಿ ತೆಗೆಯೋ ಹಾಗಿಲ್ಲ,” ಎಂದರು.

ಅವಳು ರೈಟ್ ಅನ್ನಲಿಲ್ಲ. ದೊಡ್ಡಪ್ಪ ಇಂಜಿನ್ ಆರಿಸಿದರು. ನಾನು ಆಫೀಸಿಗೆ ಫೋನ್ ಮಾಡಿ ಇನ್ನೊಂದು ದಿನ ರಜೆ ಕೇಳಿದೆ.

ಇದೆಲ್ಲ ಆಗಿ ತಿಂಗಳುಗಳೇ ಕಳೆದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ದೊಡ್ಡಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕಾಲು ವಾಸಿಯಾಗುವ ಲಕ್ಷಣವಿಲ್ಲ ಎಂದು ಡಾಕ್ಟರ್ ಹೇಳಿದ್ದಾರಂತೆ. “ಗಾಡಿ ಮೆಟ್ಟಿಲಿಗೆ ಒಂದು ಕಂಬಿ ಹಾಕ್ಸೋಕೆ ಹೇಳೇ ನಿಮ್ಮ ದೊಡ್ಡಪ್ಪಂಗೆ, ಹಿಡ್ಕೊಂಡು ಹತ್ತೋಕೆ,” ಎಂದಳು. ಹೇಳೋಣವೆಂದು ಒಳಗೆ ಹೋದೆ. ಮೇಜಿನ ಮೇಲೆ ನಕ್ಷೆ ಹರಡಿತ್ತು, ದೊಡ್ಡಪ್ಪ ಫೋನಿನಲ್ಲಿದ್ದರು.

“ನೀರಿನ ಪಕ್ಕದಲ್ಲೇ ಬೇಕು,” ಎನ್ನುತ್ತಿದ್ದರು. “ರಿವರ್ಸಾ? ಅದೇನೂ ತೊಂದರೆ ಇಲ್ಲ. ನಮ್ಮ ಗಾಡೀಲಿ ಕಂಡಕ್ಟರ್ ಇದ್ದಾರೆ.”

ದೊಡ್ಡಪ್ಪ ದೊಡ್ಡಮ್ಮನಿಗೆ ಬಹುವಚನ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.