ಫ್ರೀಜರ್‌ಗೆ ಬಿದ್ದ ಚಪ್ಪಾಳೆ

ಅಮೆರಿಕದ ಹಿಕ್ಸ್‌ವಿಲ್‌ನ ಫಾರ್ಮಸಿಸ್ಟ್ ವತ್ಸಲಾ ಅರವತ್ತರ ವಯಸ್ಸಿನಲ್ಲಿ ಅಲಾಸ್ಕಾದ ಉತ್ತರ ತುದಿಗೆ ಹೋಗಿ, ದಾರಿಯೇ ಇಲ್ಲದ ಬೆಟ್ಟ ಬಯಲುಗಳಲ್ಲಿ ಟೆಂಟು ಹೊತ್ತು ಎರಡು ವಾರ ನಡೆದು ಬಂದವರು. ಸೊಂಟಮಟ್ಟದ ಕೊರೆಯುವ ನೀರಿನಲ್ಲಿ ಹೊಳೆ ದಾಟಿದವರು. ಕನ್ನಡ ಕೂಟದವರು ಅದರ ಬಗ್ಗೆ ಮಾತಾಡಿ ಎಂದು ಕರೆದು, ಊಟಕ್ಕೂ ಸೀರೆ ಫ್ಯಾಶನ್ ಶೋಗೂ ನಡುವೆ ಹತ್ತು ನಿಮಿಷ ಕೊಟ್ಟರು. ಅವರು ಎದುರಿಗೇ ನಿಂತು ತೆಗೆದ ಕರಡಿಯ ಫೋಟೊ ಪರದೆಯ ಮೇಲೆ ಬಂದಾಗ ಅರ್ಧ ಸಭೆ ಫೋನು ನೋಡುತ್ತಿತ್ತು.

ಕೊನೆಗೊಂದು ಪ್ರಶ್ನೆ ಬಂತು. ಅದೂ ಅವರಿಗಲ್ಲ, ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡ ಮುರಳೀಧರ ಅವರಿಗೆ.

"ಅಷ್ಟು ದಿನ ಊಟಕ್ಕೆ ಏನ್ ಮಾಡಿದ್ರಿ ಅಂಕಲ್?"

"ಫ್ರೀಜರ್ ತುಂಬ ಹುಳಿ, ಪಲ್ಯ, ಚಪಾತಿ ಮಾಡಿಟ್ಟು ಹೋಗಿದ್ಲಪ್ಪ!" ಮುರಳೀಧರ ಎದ್ದು ನಿಂತು ಹೆಮ್ಮೆಯಿಂದ ಹೇಳಿದರು.

ಆಗ ಬಿತ್ತು ಚಪ್ಪಾಳೆ, ಸಭಾಂಗಣವೇ ಅದುರುವ ಹಾಗೆ.

ವತ್ಸಲಾಗೆ ಮೈಯೆಲ್ಲ ಉರಿದುಹೋಯಿತು. ಮೈಕನ್ನು ಮತ್ತೆ ಬಾಯಿಯ ಹತ್ತಿರ ಹಿಡಿದರು.

"ಮುಂದಿನ ಸಮ್ಮರ್‌ಗೆ ಮತ್ತೆ ಹೋಗ್ತಿದೀನಿ," ಎಂದರು. "ಈ ಸಲ ಫ್ರೀಜರ್ ಖಾಲಿ ಇರುತ್ತೆ. ಚಪ್ಪಾಳೆ ತಟ್ಟಿದೋರೆಲ್ಲ ದಿನಕ್ಕೊಬ್ಬರ ಹಾಗೆ ಇವರಿಗೆ ಊಟ ತಂದ್ಕೊಡಿ."

ಈ ಮಾತಿಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.